ಬಾಡಿಗೆ ವಿಳಾಸ

ಮುಂಬಯಿಗೆ ಬಂದ ನಮ್ಮಂಥವರಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಬಗ್ಗೆ ಹೇಳಬೇಕಿಲ್ಲ. ಆಫೀಸಿನ ಕಂಪ್ಯೂಟರುಗಳ ಪಾಡೂ ಅದೇ ಮಾರಾಯ್ರೆ! ಡಿಎಚ್‌ಸಿಪಿ ಎಂಬ ವ್ಯವಸ್ಥೆಯಲ್ಲಿ ರೌಟರ್ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ಅರ್ಧ ಅವಧಿ ಕಳೆದಾಗ ಕಂಪ್ಯೂಟರೇ ನವೀಕರಣ ಕೇಳುತ್ತದೆ.

2025ರ ಜೂನ್ 20, ಜಿಎಸ್‌ಟಿಆರ್-3ಬಿ ಸಲ್ಲಿಸುವ ಕಡೇ ದಿನ. ದಾದರಿನಲ್ಲಿ ಲೆಕ್ಕಪತ್ರದ ಆಫೀಸು ಇಟ್ಟಿರುವ ಗೆಳೆಯನ ಫೋನು. ಆರರಲ್ಲಿ ನಾಲ್ಕು ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಗುಡಿಸುವಾಗ ವೈರು ಎಳೆದಿದ್ದಾನೆಂದು ಆಫೀಸ್ ಹುಡುಗನಿಗೆ ಅಷ್ಟರಲ್ಲೇ ಮಂಗಳಾರತಿ ಆಗಿತ್ತು.

ಸಂಜೆ ಬ್ಯಾಂಕಿನಿಂದ ನೇರ ಅಲ್ಲಿಗೆ ಹೋದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂದು ಹೊಡೆದು ನೋಡಿದೆ. ವಿಳಾಸ 169.254 ಎಂದು ಶುರುವಾಗಿದ್ದರೆ ಯಾರೂ ಕೊಟ್ಟಿಲ್ಲ, ವಿಂಡೋಸ್ ತಾನೇ ಹಾಕಿಕೊಂಡಿದೆ ಎಂದರ್ಥ. ಆಗ ವೈರು, ಸ್ವಿಚ್ಚು, ರೌಟರ್ ನೋಡಬೇಕು. ಇಲ್ಲಿ ಹಾಗಿರಲಿಲ್ಲ. ಸರಿಯಿದ್ದ ಎರಡಕ್ಕೆ 192.168.1, ಉಳಿದ ನಾಲ್ಕಕ್ಕೆ 192.168.0. ಅಂದರೆ ಒಂದೇ ಮನೆಗೆ ಇಬ್ಬರು ಮಾಲೀಕರು!

ಹುಡುಕಿದರೆ ಮೂಲೆಯಲ್ಲೊಂದು ವೈಫೈ ಪೆಟ್ಟಿಗೆ. ಗೆಳೆಯನೇ ಹಿಂದಿನ ಸಂಜೆ ಮನೆಯಿಂದ ತಂದು ಸ್ವಿಚ್ಚಿಗೆ ಸಿಕ್ಕಿಸಿದ್ದ. ಅದೂ ವಿಳಾಸ ಹಂಚುತ್ತಿತ್ತು. ರಾತ್ರಿಯಿಡೀ ಆನ್ ಇದ್ದ ಎರಡು ಕಂಪ್ಯೂಟರ್ ಹಳೆಯ ಬಾಡಿಗೆಯಲ್ಲೇ ಇದ್ದವು. ಬೆಳಿಗ್ಗೆ ಶುರು ಮಾಡಿದವು ಹೊಸ ಮಾಲೀಕನ ಪಾಲಾಗಿದ್ದವು.

ಪೆಟ್ಟಿಗೆ ಕಿತ್ತು, ನಾಲ್ಕರಲ್ಲೂ ರಿಲೀಸ್, ರಿನ್ಯೂ ಕೊಟ್ಟೆ. ರಾತ್ರಿ ಹತ್ತರೊಳಗೆ ರಿಟರ್ನುಗಳೆಲ್ಲ ಹೋದವು. ಅಂಥ ಪೆಟ್ಟಿಗೆ ಬೇಕೇ ಬೇಕೆಂದರೆ ಮೊದಲು ಅದರ ಡಿಎಚ್‌ಸಿಪಿ ಆಫ್ ಮಾಡಿ.

ಗೆಳೆಯ ಹುಡುಗನಿಗೆ ವಡಾಪಾವ್ ಕೊಡಿಸಿದ. ಕ್ಷಮೆಯನ್ನೂ ಕೇಳಿದ್ದರೆ ಚೆನ್ನಾಗಿತ್ತು, ಅಲ್ವೇ?