ಬಳಗವಿಲ್ಲದ ಭೌತಶಾಸ್ತ್ರ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಲು ಕೂತ ಹೆಂಗಸರ ನಡುವೆ ಸುದ್ದಿ ಓಡುವುದನ್ನು ನೋಡಬೇಕು. ನಾಳೆ ಯಾವ ಅಂಗಡಿಯಲ್ಲಿ ಕೆಲಸ, ಯಾವ ಸಾಹುಕಾರ ಕೂಲಿ ಕೊಡಲು ಅಳುತ್ತಾನೆ, ಯಾರ ಮನೆಗೆ ಹೆಣ್ಣು ಬೇಕಾಗಿದೆ ಎಂಬುದೆಲ್ಲ ಸೀನು, ಕೆಮ್ಮುಗಳ ನಡುವೆಯೇ ಇತ್ಯರ್ಥವಾಗುತ್ತದೆ. ಸಂಜೆಯ ಬಸ್ಸಿಗೆ ಅದು ಹಾವೇರಿ, ರಾಣೆಬೆನ್ನೂರನ್ನೂ ಮುಟ್ಟಿರುತ್ತದೆ.

ನನ್ನ ಸೋದರಸೊಸೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು. ದೀಪಾವಳಿಗೆ ರಾಣೆಬೆನ್ನೂರಿಗೆ ಬಂದವಳು, ಈಗ ತಮಗೆ ನೆಟ್‌ವರ್ಕಿಂಗ್ ಕಲಿಸುತ್ತಾರೆ ಎಂದಳು. ಸಭೆಯಲ್ಲಿ ಗುರುತಿಲ್ಲದವರ ಹತ್ತಿರ ತಾನಾಗಿಯೇ ಹೋಗಿ, ಹೆಸರು ಹೇಳಿ, ಮಾಡುವ ಕೆಲಸ ಹೇಳಿ, ಕಾರ್ಡು ಕೊಟ್ಟು ಬರಬೇಕಂತೆ.

"ಊರು, ಮನಿತಾನ ಕೇಳಂಗಿಲ್ಲೇನು?" ಎಂದಳು ನಮ್ಮವ್ವ. "ಬರೇ ಚೀಟಿ ಕೊಟ್ರ ಯಾರು ನಂಬ್ತಾರ?"

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಮಾಡಿತ್ತೆಂದೂ ಹುಡುಗಿ ಹೆಮ್ಮೆಯಿಂದ ಹೇಳಿದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿಯೂ ನೋಡಲಿಲ್ಲ. "ಅದಕ್ಕ ಪೇಪರಿನಾಗ ಹೆಸರು ಬಂತಾ? ಹಂಗಾರ ನಂದೂ ಬರಬೇಕಿತ್ತು."

ಅಣು ಕ್ಷೇತ್ರದ ಹೆಂಗಸರಿಗಾಗಿ 'ವಿಮೆನ್ ಇನ್ ನ್ಯೂಕ್ಲಿಯರ್' ಎಂಬ ಜಾಗತಿಕ ಬಳಗ 1990ರ ದಶಕದಿಂದ ಇದೆ. ಬೇಕೇ ಬೇಕು. ಲೀಸ್ ಮೈಟ್ನರ್ ಕಥೆ ನೋಡಿ. 1938ರ ಕ್ರಿಸ್‌ಮಸ್ ರಜೆಯಲ್ಲಿ, ಸ್ವೀಡನ್ನಿನ ಹಿಮದಲ್ಲಿ, ಅಕ್ಕನ ಮಗ ಫ್ರಿಶ್ ಜೊತೆ ಲೆಕ್ಕ ಹಾಕಿ, ಯುರೇನಿಯಂ ಪರಮಾಣು ಒಡೆಯುವುದು ಹೇಗೆಂದು ಬಿಡಿಸಿ ಹೇಳಿದ ಹೆಂಗಸು ಆಕೆ. 1944ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಮಾತ್ರ ಆಕೆಯ ಸಹೋದ್ಯೋಗಿ ಓಟೊ ಹಾನ್ ಒಬ್ಬರಿಗೇ. ಅಕ್ಕನ ಮಗನ ಬಲವೊಂದೇ ಸಾಲಲಿಲ್ಲ.

ಹಾವೇರಿಯ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಅಂಥ ಅಕ್ಕನ ಮಗನೂ ಇರಲಿಲ್ಲ. ಭೌತಶಾಸ್ತ್ರದ ಲೆಕ್ಕವನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಪಿಸುಗುಡುತ್ತಿದ್ದಳು. ಮುಂಬೈಯ ಟ್ರಾಂಬೆಯಲ್ಲಿ 1957ರಿಂದಲೇ ಅಣುವಿಜ್ಞಾನದ ತರಬೇತಿ ಶಾಲೆ ನಡೆಯುತ್ತಿತ್ತು, ಎಂ.ಎಸ್ಸಿ. ಮುಗಿಸಿದರೆ ಅಲ್ಲಿಗೆ ಅರ್ಜಿ ಹಾಕಬಹುದೆಂದು ನಮಗೆ ಹೇಳುವವರು ಯಾರು? ಹುಡುಗರಿಗೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿತ್ತು. ಒಂದು ಕಪ್ ಚಹಾ, ನಾಲ್ಕು ಜನ, ಯಾವ ನೌಕರಿಗೆ ಫಾರ್ಮ್ ಬಿಟ್ಟಿದ್ದಾರೆ ಎಂಬ ಮಾತು. ನಾವು ಎದೆಗೆ ಪುಸ್ತಕ ಅವಚಿಕೊಂಡು ನೆಟ್ಟಗೆ ಮನೆಗೆ. ಒಳ್ಳೆಯ ಹುಡುಗಿಯರೆಂಬ ಹೆಸರು ಬಂತು, ಫಾರ್ಮ್ ಬರಲಿಲ್ಲ.

ಬ್ಯಾಡಗಿಯ ಅಡತಿ ಅಂಗಡಿಯ ಮನೆಗೆ ಸೊಸೆಯಾಗಿ ಹೋದ ಆಕೆ ಈಗ ಅದರ ಲೆಕ್ಕವನ್ನೆಲ್ಲ ನೋಡುತ್ತಾಳೆ. ಚೀಲದೊಳಗೆ ಕೈಯಾಡಿಸಿ ಮೆಣಸಿನಕಾಯಿ ಡಬ್ಬಿ ತಳಿಯೋ ಕಡ್ಡಿ ತಳಿಯೋ, ತೇವ ಎಷ್ಟು ಎಂದು ಹೇಳಿಬಿಡುತ್ತಾಳೆ. ಮೊನ್ನೆ ಹೋದಾಗ ಮಾತಿಗೆ ಹೇಳಿದೆ: ನವಿ ಮುಂಬೈಯ ವಾಶಿಯಲ್ಲಿ 2000ದಿಂದ ಮಸಾಲೆಗೆ ಗಾಮಾ ಕಿರಣ ಹಾಯಿಸುವ ಘಟಕವಿದೆ, ಖಾರದ ಪುಡಿಯಲ್ಲಿನ ಸೂಕ್ಷ್ಮಜೀವಿಗಳನ್ನೂ ಹಾಗೆ ಕೊಲ್ಲಬಹುದು, ಅದಕ್ಕೆ ಬೇಕಾದ ಕೋಬಾಲ್ಟ್-60 ತಯಾರಾಗುವುದು ರಿಯಾಕ್ಟರಿನಲ್ಲೇ.

ಆಕೆ ರೊಕ್ಕ ಎಣಿಸುವುದನ್ನು ನಿಲ್ಲಿಸಲಿಲ್ಲ. "ಅದರ ಅರ್ಧಾಯುಷ್ಯ ಐದೂಕಾಲು ವರ್ಷ ಅಲ್ಲೇನ?" ಎಂದಳು.

ನಾನು ನೀರು ಕೇಳಿ ಕುಡಿದೆ. ಖಾರದ ಘಾಟೆಂದು ಆಕೆ ತಿಳಿದಳು.

ಇದನ್ನು ಕೇಳಿದ ಸೋದರಸೊಸೆ ತನ್ನ ಕಾರ್ಡಿನ ಕಟ್ಟೊಂದನ್ನು ನನ್ನ ಕೈಗಿಟ್ಟು ಕೈಗಾಕ್ಕೆ ಹೋದಳು. ಮದುವೆ, ಮುಂಜಿ, ಜಾತ್ರೆ ಎಲ್ಲೆಡೆ ಈಗ ನಾನೇ ಏಜೆಂಟ್. ನೀವೂ ಕೈಜೋಡಿಸಿ. ಬಿ.ಎಸ್ಸಿ., ಡಿಪ್ಲೊಮಾ ಆದವರನ್ನು ಅಣುವಿದ್ಯುತ್ ನಿಗಮದವರು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತಾರೆ, ಬಿ.ಇ., ಎಂ.ಎಸ್ಸಿ. ಆದವರಿಗೆ ಟ್ರಾಂಬೆಯ ಶಾಲೆ ಇನ್ನೂ ಇದೆ. ವಿಜ್ಞಾನ ಓದಿದ ಹುಡುಗಿ ಕಣ್ಣಿಗೆ ಬಿದ್ದರೆ, ವರನ ಮಾತು ತೆಗೆಯುವ ಮೊದಲು ಇಷ್ಟನ್ನು ಹೇಳಿಬಿಡಿ.