ನಮ್ಮ ಕಾರಿನ ಎರಡು ದನಿಗಳು

ಶಾಲೆಯಲ್ಲಿ ಕಲಿತದ್ದು ಅಥವಾ ಕಲಿಸಿದ್ದು ಬದುಕಿನಲ್ಲಿ ಒದಗಿಬಂದ ಪ್ರಸಂಗವೊಂದನ್ನು ಬರೆದುಕೊಡಬೇಕೆಂದು ಈ ಸಂಚಿಕೆಯ ಸಂಪಾದಕರು ಪ್ರೀತಿಯಿಂದ ಕೇಳಿದ್ದಾರೆ. ಬಹಳ ಯೋಚಿಸಿದ ಮೇಲೆ ನನಗೆ ನೆನಪಾದದ್ದು ಒದಗದೆ ಹೋದ ಪ್ರಸಂಗ. ಮೂವತ್ತೊಂದು ವರ್ಷ ವಿಜ್ಞಾನದ ಪಾಠ ಹೇಳಿದವನಿಗೆ ಇದು ಹೆಮ್ಮೆಯ ವಿಷಯವಲ್ಲ. ಆದರೂ ಬರೆಯುತ್ತೇನೆ.

ನಾನಿರುವುದು ಮೈಸೂರಿನ ಗೋಕುಲಂ ಬಡಾವಣೆಯಲ್ಲಿ. ಇಲ್ಲಿ ಬೆಳಕು ಹರಿಯುವ ಮುನ್ನವೇ ಜನಸಂಚಾರ ಮೊದಲಾಗುತ್ತದೆ. ಯೋಗಾಭ್ಯಾಸಕ್ಕೆಂದು ದೂರದೇಶಗಳಿಂದ ಬಂದು ತಂಗಿರುವ ತರುಣ ತರುಣಿಯರು, ಸುರುಳಿ ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡು, ಮಾತಿಲ್ಲದೆ ಸಾಗುತ್ತಾರೆ. ಅಂಥ ಪ್ರಶಾಂತವಾದ ಹೊತ್ತಿನಲ್ಲಿ, 2023ರ ಮಳೆಗಾಲದ ಒಂದು ಮುಂಜಾನೆ, ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿಕೊಂಡಿತು. ದಾರಿಹೋಕರಿಬ್ಬರು ನಿಂತು ನೋಡಿದರು. ನನಗೆ ನಾಚಿಕೆಯಾಯಿತು. ‘ಇದೇನು ಹೊಸದೇ? ತಿಂಗಳಿಂದ ಹೀಗೇ ಅಳುತ್ತಿದೆಯಲ್ಲ’ ಎಂದಳು ನನ್ನ ಹೆಂಡತಿ. ನನಗೆ ಅದುವರೆಗೆ ಕೇಳಿಸಿಯೇ ಇರಲಿಲ್ಲ.

ಆ ಕಾರು ನನ್ನ ಅಣ್ಣನದು. ಅವನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದವನು. ಚೆಕೊಸ್ಲೊವಾಕಿಯದ ನೆರವಿನಿಂದ 1960ರ ದಶಕದ ಆರಂಭದಲ್ಲಿ ಮೈಸೂರಿಗೆ ಬಂದ ಆ ಮೋಟಾರುಸೈಕಲ್ಲು ಮುಂದೆ ಯೆಜ್ದಿ ಎಂಬ ಹೆಸರು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಈ ಊರಿನ ದನಿಯೇ ಆಗಿತ್ತು. ಸಿಲಿಂಡರ್ ಒಂದೇ, ಹೊಗೆಕೊಳವೆ ಎರಡು. ಅದರ ಸದ್ದನ್ನು ಬೀದಿಯ ತುದಿಯಲ್ಲೇ ಗುರುತಿಸಿ ನಮ್ಮ ತಾಯಿ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದುದುಂಟು. ಸದ್ದು ಹೆಚ್ಚಲೆಂದು ಕೊಳವೆಯೊಳಗಿನ ತಡೆಯನ್ನು ಕಿತ್ತೆಸೆದು ತಿರುಗುವ ಹುಡುಗರನ್ನು ಕಂಡರೆ ಅಣ್ಣನಿಗೆ ಸಿಟ್ಟು ಬರುತ್ತಿತ್ತು. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಗೆಕೊಳವೆಯೂ ಎಂಜಿನ್ನಿನ ಒಂದು ಅಂಗ. ಅಲ್ಲಿಂದ ಮರಳುವ ಒತ್ತಡದ ಅಲೆಯೇ ಹೊರಗೆ ಜಾರಲಿರುವ ಹೊಸ ಇಂಧನವನ್ನು ಸಿಲಿಂಡರಿಗೆ ಹಿಂದೂಡುತ್ತದೆ. ‘ಸದ್ದು ದೊಡ್ಡದಾಯಿತು, ಬಲ ಸಣ್ಣದಾಯಿತು’ ಎಂದು ನಗುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಆನಿಸಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದು ಅವನ ಕ್ರಮ. 2011ರಲ್ಲಿ ಅವನು ತೀರಿಕೊಂಡಾಗ ಕಾರಿನ ಜೊತೆಗೆ ಆ ಸ್ಕ್ರೂಡ್ರೈವರೂ ನನ್ನ ಪಾಲಿಗೆ ಬಂದಿತು. ಕಾರನ್ನು ಬಳಸಿದೆ, ಸ್ಕ್ರೂಡ್ರೈವರು ಡಿಕ್ಕಿಯಲ್ಲೇ ಉಳಿಯಿತು.

ಕಿರುಚುವುದು ಫ್ಯಾನ್ ಬೆಲ್ಟ್ ಎಂಬುದನ್ನು ತಿಳಿಯಲು ಪಾಂಡಿತ್ಯ ಬೇಡ. ಎಂಜಿನ್ನಿನ ಮುಂಬದಿಯ ರಾಟೆಯಿಂದ ಹೊರಟ ಆ ರಬ್ಬರಿನ ಪಟ್ಟಿ ಬೀಸಣಿಗೆಯನ್ನೂ ನೀರಿನ ಪಂಪನ್ನೂ ರೂಢಿಯಲ್ಲಿ ನಾವು ಡೈನಮೋ ಎನ್ನುವ ವಿದ್ಯುಜ್ಜನಕವನ್ನೂ ತಿರುಗಿಸುತ್ತದೆ. ಪಟ್ಟಿ ಸಡಿಲವಾದರೆ ರಾಟೆಯ ಮೇಲೆ ಹಿಡಿದು, ಜಾರಿ, ಮತ್ತೆ ಹಿಡಿದು ಕಂಪಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ನಿಯಮದಿಂದ. ಚೌಡಯ್ಯನವರು ಏಳು ತಂತಿಗಳ ಪಿಟೀಲಿನಲ್ಲಿ ಸಾಧಿಸಿದ್ದನ್ನು ನನ್ನ ಬೆಲ್ಟು ಒಂದೇ ಅಪಸ್ವರದಲ್ಲಿ ಸಾಧಿಸುತ್ತಿತ್ತು. ಈ ಘರ್ಷಣೆಯ ಪಾಠವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗಿದ್ದೂ ಆ ಬೆಳಿಗ್ಗೆ ನಾನು ಮಾಡಿದ್ದೇನು? ಬಚ್ಚಲುಮನೆಯಿಂದ ಸೋಪಿನ ತುಂಡೊಂದನ್ನು ತಂದು ಪಟ್ಟಿಯ ಅಂಚಿಗೆ ಉಜ್ಜಿದೆ. ಕಿರುಚು ನಿಂತಿತು. ಜಾರುವುದು ನಿಲ್ಲಲಿಲ್ಲ, ಹೆಚ್ಚಿತು. ಆದರೆ ಸದ್ದಿಲ್ಲದೆ ಜಾರತೊಡಗಿತು. ನನಗೆ ಬೇಕಾಗಿದ್ದುದು ಅಷ್ಟೇ.

ಇದೇ ವೇಳೆಗೆ ಕಾರು ಮತ್ತೊಂದು ದನಿಯನ್ನೂ ಪಡೆದಿತ್ತು. ಹಿಂದಿನಿಂದ ಗುಡುಗಿನಂಥ ಗಂಭೀರವಾದ ಸದ್ದು. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನಿಗೆ ಅದು ಬಲು ಮೆಚ್ಚುಗೆ. ‘ತಾತ, ಮುದುಕಿಗೆ ಈಗ ಗಂಟಲು ಬಂದಿದೆ. ಸೈಲೆನ್ಸರನ್ನೇ ಬದಲಾಯಿಸಿ ಅಗಲವಾದ ಕೊಳವೆ ಹಾಕಿಸಿದರೆ ಇನ್ನೂ ಚೆನ್ನಾಗಿರುತ್ತದೆ’ ಎಂದು ಬೆಲೆಯನ್ನೂ ವಿಚಾರಿಸಿಕೊಂಡು ಬಂದಿದ್ದ. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ಎಪ್ಪತ್ತು ದಾಟಿದ ನನಗೂ ಆ ಸದ್ದು ಒಳಗೊಳಗೇ ಹಿತವಾಗಿತ್ತು.

ಆ ಆಗಸ್ಟಿನ ಒಂದು ಭಾನುವಾರ ಮೇಲುಕೋಟೆಗೆ ಹೊರಟೆವು. ನಾನು, ಹೆಂಡತಿ, ಮೊಮ್ಮಗ, ಹಿಂಬದಿಯಲ್ಲಿ ಆರು ವರ್ಷದ ಮೊಮ್ಮಗಳು. ಜಕ್ಕನಹಳ್ಳಿ ದಾಟಿ ಬೆಟ್ಟದ ಏರು ಮೊದಲಾದಾಗ ಮುಂಬದಿಯ ಕೆಂಪು ದೀಪ ಮಂಕಾಗಿ ಉರಿಯಿತು. ಉಷ್ಣದ ಮುಳ್ಳು ಕೊನೆ ಮುಟ್ಟಿತು. ಬಾನೆಟ್ಟಿನಿಂದ ಹಬೆ. ಸೋಪು ಹಚ್ಚಿದ ಪಟ್ಟಿಗೆ ಪಂಪನ್ನು ತಿರುಗಿಸುವ ಶಕ್ತಿಯೇ ಉಳಿದಿರಲಿಲ್ಲ. ಮುಕ್ಕಾಲು ಗಂಟೆ ಕಾದು, ತಣಿದ ಮೇಲೆ ನೀರು ತುಂಬಿ, ಡೈನಮೋವನ್ನು ಒಂದು ಕೋಲಿನಿಂದ ಮೀಟಿ ಎಳೆದು ಬೋಲ್ಟು ಬಿಗಿದೆವು. ದೇವರ ದರ್ಶನವಾಯಿತು. ಮರಳುವಾಗ ಮಳೆ ಹಿಡಿಯಿತು, ಗಾಜುಗಳನ್ನೆಲ್ಲ ಏರಿಸಿದೆವು. ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಹೆಂಡತಿ ತಲೆನೋವೆಂದು ಸೀಟಿಗೆ ಒರಗಿದಳು. ಮಗು ನಿದ್ದೆ ಹೋಗಿತ್ತು. ಗೋಕುಲಂ ತಲುಪಿ ಎತ್ತಿಕೊಂಡಾಗ ಅದು ಸುಲಭವಾಗಿ ಕಣ್ಣು ತೆರೆಯಲಿಲ್ಲ. ಹೊರಗಿನ ಗಾಳಿಗೆ ಸ್ವಲ್ಪ ಹೊತ್ತಿನ ಮೇಲೆ ಎದ್ದು ವಾಂತಿ ಮಾಡಿಕೊಂಡಿತು. ಬೆಟ್ಟದ ದಾರಿಯ ತಿರುವುಗಳು, ದೇವಸ್ಥಾನದ ಪುಳಿಯೋಗರೆ ಎಂದು ನಾವು ಸಮಾಧಾನ ಹೇಳಿಕೊಂಡೆವು.

ಮರುದಿನ ಕಾರನ್ನು ಹಳೆಯ ಮೆಕ್ಯಾನಿಕ್ಕರೊಬ್ಬರ ಬಳಿಗೆ ಒಯ್ದೆ. ಜಾವಾ ಬೈಕುಗಳ ಮೇಲೆ ಕೈ ಪಳಗಿಸಿಕೊಂಡವರು. ಎಂಜಿನ್ ಚಾಲೂ ಮಾಡಿಸಿ, ಮುಂದೀಪ ಹಾಕಿಸಿ ಡೈನಮೋವಿನ ಮೇಲೆ ಭಾರ ಹೇರಿದರು; ಕಿರುಚು ಏರಿತು. ಪಟ್ಟಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು, ಇನ್ನೂ ಏರಿತು. ನೀರು ಬಿದ್ದೊಡನೆ ಸದ್ದು ಅಡಗಿ ಮತ್ತೆ ಬಂದರೆ ರಾಟೆಗಳು ಒಂದೇ ಸಾಲಿನಲ್ಲಿಲ್ಲವೆಂದು ಸಂಶಯಪಡಬೇಕು, ಹೆಚ್ಚಾದರೆ ಪಟ್ಟಿ ಸಡಿಲ ಎಂದು ವಿವರಿಸಿದರು. ಬೆಲ್ಟು ಬಿಚ್ಚಿ ತೋರಿಸಿದಾಗ ಅದರ ಎರಡು ಪಕ್ಕಗಳೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಇಂಥ ಪಟ್ಟಿ ಹಿಡಿಯಬೇಕಾದದ್ದು ಪಕ್ಕಗಳಿಂದ. ಇದು ಸವೆದು ರಾಟೆಯ ತಳಕ್ಕೆ ಕುಸಿದಿತ್ತು. ಬಿಗಿದರೂ ಪ್ರಯೋಜನವಿರಲಿಲ್ಲ. ಹೊಸದನ್ನು ಹಾಕಿ, ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ಬಾಗುವಷ್ಟೇ ಬಿಗಿದರು. ಹೆಚ್ಚು ಬಿಗಿದರೆ ಪಂಪಿನ ಬೇರಿಂಗು ಸಾಯುತ್ತದಂತೆ. ‘ಸೋಪು ಯಾರು ಹಚ್ಚಿದ್ದು?’ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಹೊರಡಲು ಅನುವಾದಾಗ ಅವರು ತಲೆಯೆತ್ತಿ, ‘ಹಿಂದಿನ ಸದ್ದು?’ ಎಂದರು. ಮೊಮ್ಮಗ ಉತ್ಸಾಹದಿಂದ ಅದರ ಗುಣಗಾನ ಮಾಡಿದ. ಅವರು ಒದ್ದೆ ಬಟ್ಟೆಯನ್ನು ಮಡಿಸಿ ಹೊಗೆಕೊಳವೆಯ ಬಾಯಿಗೆ ಒತ್ತಿ ಹಿಡಿದರು. ದಾರಿ ಸರಿಯಾಗಿದ್ದರೆ ಒತ್ತಡ ತುಂಬಿ ಎಂಜಿನ್ನು ಉಸಿರುಗಟ್ಟಬೇಕು. ನಮ್ಮದು ನಿರಾತಂಕವಾಗಿ ನಡೆಯಿತು. ಕಾರಿನ ನಡುಭಾಗದ ಅಡಿಯಿಂದ ಬುಸ್ಸೆನ್ನುವ ಸದ್ದು ಬಂದಿತು. ಬಗ್ಗಿ ನೋಡಿದರೆ, ಹಿಂದಿನ ಸೀಟಿನ ಕೆಳಗೆ ಕೊಳವೆ ಸೈಲೆನ್ಸರನ್ನು ಕೂಡುವಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು, ಸುತ್ತಲೂ ಮಸಿ. ಮೇಲಿನ ನೆಲದ ತಗಡಿನಲ್ಲಿಯೂ ತುಕ್ಕು ತಿಂದ ಬಿರುಕುಗಳು. ನಾವು ಮೆಚ್ಚಿದ ಗಂಭೀರ ದನಿ ಆ ತೂತಿನದು.

ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತೆ. ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಗಾಢವಾಗಿ ಬೆರೆಯುತ್ತದೆ, ಮೊದಲ ಲಕ್ಷಣ ತಲೆನೋವು, ವಾಕರಿಕೆ, ಮಂಪರು. ಇದನ್ನು ನಾನು ಕಪ್ಪುಹಲಗೆಯ ಮೇಲೆ ಬರೆಸಿ ಹುಡುಗರಿಂದ ಬಾಯಿಪಾಠ ಮಾಡಿಸಿದ್ದೇನೆ. ಹಿಂದಿನ ಸೀಟಿನಲ್ಲಿ ಆ ಮೂರೂ ಲಕ್ಷಣಗಳು ನನ್ನ ಮನೆಯವರ ಮೈಮೇಲೆ ಕಾಣಿಸಿಕೊಂಡಾಗ ನಾನು ಪುಳಿಯೋಗರೆಯನ್ನು ದೂರಿದ್ದೆ.

ತುಕ್ಕಿನ ಕಾರಣವೂ ನನ್ನದೇ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚು ಕಡಮೆ ಒಂದು ಲೀಟರ್ ನೀರೂ ಹುಟ್ಟುತ್ತದೆ. ದೂರ ಓಡಿದ ಕಾರಿನಲ್ಲಿ ಕೊಳವೆ ಕಾದು ಅದು ಹಬೆಯಾಗಿ ಹೋಗುತ್ತದೆ. ಗೋಕುಲಂನಿಂದ ಒಂಟಿಕೊಪ್ಪಲಿನ ತರಕಾರಿ ಅಂಗಡಿಗೆ ಹೋಗಿಬರುವ ಕಾರಿನಲ್ಲಿ ಸೈಲೆನ್ಸರಿನ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ಕೊರೆಯುತ್ತದೆ.

ಅಗಲ ಕೊಳವೆಯ ಮಾತನ್ನು ಮೊಮ್ಮಗ ಮನೆಗೆ ಬಂದ ಮೇಲೂ ಬಿಡಲಿಲ್ಲ. ತೂತಿಲ್ಲದ ದೊಡ್ಡ ಸದ್ದಾದರೆ ತಪ್ಪೇನು ಎಂಬುದು ಅವನ ವಾದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸೈಲೆನ್ಸರನ್ನು ಕಡ್ಡಾಯ ಮಾಡಿರುವುದನ್ನೂ, ಆಸ್ಪತ್ರೆ ಶಾಲೆಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾಗಬಹುದೆಂದು 2000ದ ನಿಯಮಗಳು ಹೇಳುವುದನ್ನೂ ತಿಳಿಸಿದೆ, ಕೆ.ಆರ್.ಎಸ್. ರಸ್ತೆಯ ಕ್ಷಯರೋಗಿಗಳ ಆಸ್ಪತ್ರೆಯ ಮುಂದೆಯೇ ಅವನು ದಿನವೂ ಹಾದುಹೋಗುವವನು. ಅವನು ಒಪ್ಪಿದಂತೆ ಕಾಣಲಿಲ್ಲ. ಆಮೇಲೆ ಲೆಕ್ಕ ಬರೆದು ತೋರಿಸಿದೆ. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗಿದರೆ, ನಾಲ್ಕು ಸಿಲಿಂಡರುಗಳಿಂದ ಸೆಕೆಂಡಿಗೆ ಸುಮಾರು 27 ಸ್ಫೋಟ. ಅವು ಸಮನಾಗಿ ಬಂದರೆ ಕಿವಿಗೆ ಒಂದೇ ಮಂದ್ರಸ್ವರ. ಒಂದು ತಪ್ಪಿದರೂ ತಾಳ ಕೆಡುತ್ತದೆ. ಲೆಕ್ಕ ಅವನಿಗೆ ಹಿಡಿಸಿತು. ಕೊಂಡದ್ದು ಮೊದಲಿನಂಥದೇ ಸೈಲೆನ್ಸರು. ಉಳಿದ ಹಣದಲ್ಲಿ ನೆಲದ ತಗಡನ್ನು ಬೆಸುಗೆ ಹಾಕಿಸಿ, ಹೊಸ ಗ್ಯಾಸ್ಕೆಟ್ಟು, ಸ್ಪಾರ್ಕ್ ಪ್ಲಗ್ಗುಗಳನ್ನು ಹಾಕಿಸಿ, ಕಾರ್ಬ್ಯುರೇಟರನ್ನು ಹದಗೊಳಿಸಿದೆವು. ಎರಡು ಭಾನುವಾರ ಅವನೂ ಮಸಿ ಮೆತ್ತಿಕೊಂಡ.

ಆ ಬಳಿಕದ ಮೊದಲ ಬೆಳಿಗ್ಗೆ ಕಾರು ಹೊರಟಾಗ ಚಾಪೆ ಹೊತ್ತ ದಾರಿಹೋಕರು ಯಾರೂ ತಿರುಗಿ ನೋಡಲಿಲ್ಲ. ಮೊಮ್ಮಗನ ಮುಖ ಕೊಂಚ ಬಾಡಿತು. ಗೇಟಿನ ಬಳಿ ನಿಂತು ಕೇಳುತ್ತಿದ್ದವನು ಇದ್ದಕ್ಕಿದ್ದಂತೆ ಕೈಯೆತ್ತಿ, ‘ತಾತ, ನಿಲ್ಲಿ. ಮುಂದೆ ಏನೋ ಸಣ್ಣಗೆ ಗೊರಗೊರ ಎನ್ನುತ್ತಿದೆ’ ಎಂದ. ನಾನು ಬಾನೆಟ್ಟಿನ ಮೇಲೆ ಬಗ್ಗಿ ಆಲಿಸಿದೆ. ಏನೂ ಕೇಳಿಸಲಿಲ್ಲ. ಅವನು ಡಿಕ್ಕಿಯಿಂದ ಅಣ್ಣನ ಸ್ಕ್ರೂಡ್ರೈವರನ್ನು ತಂದು, ತುದಿಯನ್ನು ನೀರಿನ ಪಂಪಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಯ ಪಕ್ಕಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದ.