ಕುಂಚದ ತುದಿಯಲ್ಲಿ ಉಳಿದ ಹಳ್ಳಿ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಪಶ್ಚಿಮಾಭಿಮುಖವಾಗಿ ಹೊರಡುವ ರೈಲು 53 ಮೈಲಿ ದೂರದ ಡಿಡ್ಕಾಟನ್ನು ಮುಟ್ಟಲು ಒಂದು ಗಂಟೆಯೂ ಹಿಡಿಯದು. ಇದು ಬ್ರೂನೆಲ್ ಎಂಬ ಸುವಿಖ್ಯಾತ ಎಂಜಿನಿಯರು ಗ್ರೇಟ್ ವೆಸ್ಟರ್ನ್ ಕಂಪೆನಿಗಾಗಿ ಹಾಕಿಸಿದ ಹಾದಿ. ಬ್ರಿಸ್ಟಲ್ ನಗರದವರೆಗೆ ಅದು ಸಂಪೂರ್ಣವಾದುದು 1841ರಲ್ಲಿ. ಡಿಡ್ಕಾಟ್ ಸಮೀಪಿಸಿತೆಂದರೆ ಪ್ರಯಾಣಿಕರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅಲ್ಲಿನ ವಿದ್ಯುದಾಗಾರದ ಆರು ದೈತ್ಯ ಗೋಪುರಗಳು. ಅವುಗಳಲ್ಲಿ ಮೂರನ್ನು 2014ರಲ್ಲಿಯೂ ಉಳಿದ ಮೂರನ್ನು 2019ರಲ್ಲಿಯೂ ಸಿಡಿಮದ್ದಿಟ್ಟು ಉರುಳಿಸಿದರು. ಮೈಲಿಗಟ್ಟಲೆ ದೂರದಿಂದ ಕಾಣುತ್ತಿದ್ದ ಆ ಗೋಪುರಗಳು ಒಮ್ಮೆ ಅಲ್ಲಿದ್ದುವೆಂಬುದಕ್ಕೆ ಈಗ ಚಿತ್ರಗಳೇ ಸಾಕ್ಷಿ.

ಆದರೆ ಅಲ್ಲಿಂದ ಕೆಲವೇ ಮೈಲಿಗಳಾಚೆ, ಥೇಮ್ಸ್ ನದಿಯ ಬಳಿಯ ಲಾಂಗ್ ವಿಟನ್‌ಹ್ಯಾಂ ಎಂಬ ಪುಟ್ಟ ಹಳ್ಳಿಯಲ್ಲಿ, ಸುಮಾರು 1930ರ ಕಾಲದ ಎಲೆಕೋಸಿನ ಮಡಿಯೊಂದು ಇನ್ನೂ ಹಸುರಾಗಿಯೇ ಇದೆ! ಕಾಲುದಾರಿಯ ಮಣ್ಣು, ಬೇಲಿಯ ಮೇಲಿನ ಹೂಬಳ್ಳಿ, ಕಿಟಕಿಯ ಕೆಳಗೆ ಮಳೆನೀರು ಹರಿದು ಮೂಡಿದ ಕಲೆ, ಎಲ್ಲವೂ ಅಂದು ಇದ್ದಂತೆಯೇ ಇವೆ. ವಾಚಕರು ಬೆರಗಾಗಬೇಕಿಲ್ಲ. ಆ ಎಲೆಕೋಸು ಕಡಲೆಕಾಳಿಗಿಂತಲೂ ಚಿಕ್ಕದು; ಅದರ ಹಸುರು ಕುಂಚದಿಂದ ಬಂದದ್ದು. ಈ ಸ್ಥಳದ ಹೆಸರು ಪೆಂಡನ್ ವಸ್ತುಸಂಗ್ರಹಾಲಯ. ಮಾದರಿ ರೈಲುಗಳು ಓಡುವ ಈ ಮನೆಯಲ್ಲಿ ರೈಲಿಗಿಂತ ಹೆಚ್ಚು ಹೊತ್ತು ನಮ್ಮನ್ನು ಹಿಡಿದು ನಿಲ್ಲಿಸುವುವು ಹಳಿಯ ಪಕ್ಕದ ಸಣ್ಣಪುಟ್ಟ ವಸ್ತುಗಳು.

ಇದರ ಸ್ಥಾಪಕರು ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. ಹೆಸರು ಮಾತ್ರ ರಾಯ್ ಇಂಗ್ಲೆಂಡ್! ಹೆಸರಿಗೆ ತಕ್ಕಂತೆ ಇಂಗ್ಲೆಂಡಿಗೇ ಒಲಿದರು. 1925ರಲ್ಲಿ ಇಲ್ಲಿಗೆ ಬಂದ ಈ ತರುಣರಿಗೆ ಮೊದಲು ಮೋಹ ಹುಟ್ಟಿದ್ದು ಗ್ರೇಟ್ ವೆಸ್ಟರ್ನ್ ರೈಲುಗಳ ಮೇಲೆ. ಆದರೆ ಆ ರೈಲುಹಾದಿಯ ಪಕ್ಕದ 'ಬಿಳಿಯ ಕುದುರೆಯ ಕಣಿವೆ'ಯನ್ನು ಕಂಡಮೇಲೆ ಮನಸ್ಸು ಅಲ್ಲಿಯೇ ನೆಟ್ಟಿತು. ಕಣಿವೆಯ ಅಂಚಿನ ಅಫಿಂಗ್ಟನ್ ಗುಡ್ಡದಲ್ಲಿ ಪ್ರಾಚೀನರು ಸುಮಾರು 360 ಅಡಿ ಉದ್ದದ ಕುದುರೆಯ ಆಕೃತಿಯನ್ನು ನೆಲದಲ್ಲಿ ಕೊರೆದು ಸೀಮೆಸುಣ್ಣದ ಕಲ್ಲು ತುಂಬಿದ್ದಾರೆ. ಆ ಸೀಮೆಗೆ ಅದರಿಂದಲೇ ಹೆಸರು. ಅದರ ಕೆಳಗೆ ಹರಡಿದ ಊರುಗಳಲ್ಲಿ ಹುಲ್ಲು ಹೊದಿಸಿದ ಮನೆಗಳು, ಸೀಮೆಸುಣ್ಣದ ಕಲ್ಲಿನ ಗೋಡೆಗಳು, ನಡುನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು.

ರಾಯ್ ಮಹಾಶಯರ ಕಣ್ಣೆದುರಿಗೇ ಈ ಊರುಗಳು ಕರಗತೊಡಗಿದುವು. ಹುಲ್ಲಿನ ಮಾಡುಗಳು ಹೋಗಿ ತಗಡು ಬಂದಿತು. ಹಳೆಯ ಮನೆಗಳು ಬಿದ್ದುವು, ಇಲ್ಲವೆ ಬೀಳಿಸಲ್ಪಟ್ಟುವು. ಮನೆಗಳನ್ನು ಕೊಂಡು ಉಳಿಸಲು ಅವರಲ್ಲಿ ಐಶ್ವರ್ಯವಿರಲಿಲ್ಲ. ಆದುದರಿಂದ ಅವರು ಅಳತೆ ತೆಗೆದುಕೊಂಡರು, ಛಾಯಾಚಿತ್ರ ತೆಗೆದರು, ಟಿಪ್ಪಣಿ ಬರೆದಿಟ್ಟರು. ಕಾಗದದ ಹಲಗೆಯಲ್ಲಿ ಆ ಮನೆಗಳನ್ನು ಒಂದೊಂದಾಗಿ ಕಟ್ಟತೊಡಗಿದರು. 1954ರಲ್ಲಿ ಲಾಂಗ್ ವಿಟನ್‌ಹ್ಯಾಂನ ಹಳೆಯದೊಂದು ಪಾನಗೃಹವನ್ನು ಕೊಂಡು ಪ್ರದರ್ಶನಕ್ಕೆ ನೆಲೆ ಮಾಡಿಕೊಂಡರು. ಅದೇ ಇಂದಿನ ಪೆಂಡನ್‌ನ ಮೂಲ.

ಇಲ್ಲಿನ ಪ್ರಮಾಣವೆಂದರೆ ಒಂದು ಅಡಿಗೆ ನಾಲ್ಕು ಮಿಲಿಮೀಟರು; ಎಂದರೆ ನಿಜವಸ್ತುವಿನ 76ನೆಯ ಒಂದು ಭಾಗ. ಆರು ಅಡಿಯ ಆಳು 24 ಮಿಲಿಮೀಟರಿನ ಬೊಂಬೆಯಾಗುತ್ತಾನೆ. ಒಂಬತ್ತು ಅಂಗುಲದ ಇಟ್ಟಿಗೆಗೆ ಮೂರು ಮಿಲಿಮೀಟರು ಉದ್ದ. ದಪ್ಪ ಒಂದು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಇಂಥ ಇಟ್ಟಿಗೆಗಳನ್ನು ರಟ್ಟಿನ ಮೇಲೆ ಸಾಲುಸಾಲಾಗಿ ಗೀಚಿ, ಒಂದೊಂದಕ್ಕೂ ಬೇರೆಬೇರೆಯಾಗಿ ನೀರಿನ ಬಣ್ಣ ಹಾಕುತ್ತಾರೆ. ಒಂದೇ ಆವಿಗೆಯಲ್ಲಿ ಬೆಂದರೂ ಎರಡು ಇಟ್ಟಿಗೆಗಳ ಬಣ್ಣ ಒಂದೇ ಆಗಿರುವುದಿಲ್ಲವಲ್ಲ! ಬೆಂಕಿಯ ಹತ್ತಿರವಿದ್ದುದು ಕಡುಗೆಂಪು, ದೂರವಿದ್ದುದು ಕಿತ್ತಳೆ, ಹೊಗೆ ತಾಗಿದ್ದು ನೇರಳೆ. ಗೋಡೆಗೆಲ್ಲ ಒಂದೇ ಕೆಂಪು ಬಳಿದರೆ ಅದು ಆಟಿಕೆಯಾದೀತು, ಮನೆಯಾಗದು. ಮಾಡಿನ ಹುಲ್ಲಿಗೆ ಉಪಯೋಗಿಸುವುದು ನಲ್ಲಿ ಕೆಲಸದವರು ಕೊಳವೆಯ ಕೀಲಿಗೆ ಸುತ್ತುವ ನಾರನ್ನು. ಒಂದು ಮನೆ ಮುಗಿಯಲು ತಿಂಗಳುಗಳೇ ಬೇಕು.

ಚಿಕ್ಕ ವಸ್ತುವಿಗೆ ಬಣ್ಣ ಹಾಕುವುದು ದೊಡ್ಡದಕ್ಕೆ ಹಾಕುವುದಕ್ಕಿಂತ ಸುಲಭವೆಂದು ತೋರಬಹುದು. ನಿಜದಲ್ಲಿ ಅದರ ನ್ಯಾಯವೇ ಬೇರೆ. ಎರಡು ಅಡಿ ದೂರ ನಿಂತು ಈ ಹಳ್ಳಿಯನ್ನು ನೋಡುವವನು ಲೆಕ್ಕದಲ್ಲಿ 150 ಅಡಿ ದೂರದಿಂದ ನೋಡುತ್ತಿರುತ್ತಾನೆ. ಅಷ್ಟು ದೂರದಲ್ಲಿ ಯಾವ ಬಣ್ಣವೂ ತನ್ನ ಪೂರ್ಣ ತೇಜಸ್ಸಿನಿಂದ ಕಾಣದು. ನಡುವಣ ಗಾಳಿ ಅದನ್ನು ಸ್ವಲ್ಪ ಮಂಕುಗೊಳಿಸಿರುತ್ತದೆ. ಆದುದರಿಂದ ಈ ಕಲೆಯಲ್ಲಿ ಅಪ್ಪಟ ಕಪ್ಪಿಗೂ ಅಪ್ಪಟ ಬಿಳುಪಿಗೂ ಸ್ಥಾನವಿಲ್ಲ. ಕಪ್ಪಿನ ಬದಲು ಕಡುಬೂದು. ಬಿಳುಪಿನ ಬದಲು ಕೆನೆಯೋ ತಿಳಿಬೂದೋ. ಹೊಳಪು ಇದಕ್ಕಿಂತ ದೊಡ್ಡ ಶತ್ರು. ವಸ್ತುವನ್ನು ಎಷ್ಟು ಕುಗ್ಗಿಸಿದರೂ ಅದರ ಮೇಲೆ ಬೀಳುವ ಬೆಳಕನ್ನು ಕುಗ್ಗಿಸಲಾಗದು. ಹೊಳೆಯುವ ಬಣ್ಣದ ಮೇಲೆ ಕೋಣೆಯ ದೀಪ ಮಿಂಚಿದ ಕೂಡಲೆ ಭ್ರಮೆ ಹರಿದುಹೋಗುತ್ತದೆ. ಎಲ್ಲಿ ನೀರಿದೆಯೋ ಎಲ್ಲಿ ಗಾಜಿದೆಯೋ ಅಲ್ಲಿ ಮಾತ್ರ ಹೊಳಪು, ಉಳಿದುದೆಲ್ಲ ಮಾಸಲು.

ರೈಲು ನಿಲ್ದಾಣದ ಕಟ್ಟೆಯ ಮೇಲಿನ ಹಾಲಿನ ಕ್ಯಾನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆ ಕಾಲದಲ್ಲಿ ಈ ಸೀಮೆಯ ಹಾಲು ಲಂಡನ್ನಿಗೆ ರೈಲಿನಲ್ಲಿ ಹೋಗುತ್ತಿತ್ತು. 17 ಗ್ಯಾಲನ್ ಹಿಡಿಯುವ ದೊಡ್ಡ ಕ್ಯಾನುಗಳು ಹಳ್ಳಿಯ ನಿಲ್ದಾಣಗಳ ಸಾಮಾನ್ಯ ದೃಶ್ಯ. ಮಾದರಿಯಲ್ಲಿ ಅದರ ಎತ್ತರ ಒಂದು ಸೆಂಟಿಮೀಟರಿನಷ್ಟು. ಹೊಸಬನು ಅದಕ್ಕೆ ಬೆಳ್ಳಿಯ ಬಣ್ಣ ಹಚ್ಚಿ ತೃಪ್ತನಾಗುತ್ತಾನೆ. ಬಲ್ಲವನು ಹಾಗೆ ಮಾಡುವುದಿಲ್ಲ. ಮೊದಲು ಮೈಯೆಲ್ಲ ಮಂಕು ಬೂದುಬಣ್ಣದ ಒಂದು ತೆಳು ಲೇಪ. ಅದು ಪೂರ್ತಿ ಒಣಗಿದ ಮೇಲೆ ಕಂದುಗಪ್ಪನ್ನು ಚಹದ ನೀರಿನಷ್ಟು ತೆಳ್ಳಗೆ ಮಾಡಿ ಬಿಟ್ಟರೆ, ಅದು ತಾನಾಗಿಯೇ ಕುತ್ತಿಗೆಯ ಸಂದಿಗೂ ಹಿಡಿಕೆಯ ಬುಡಕ್ಕೂ ಇಳಿದು ನೆರಳಾಗಿ ನಿಲ್ಲುತ್ತದೆ. ಕಡೆಗೆ ತಿಳಿಬೂದಿನಲ್ಲಿ ಕುಂಚವನ್ನದ್ದಿ, ಅದನ್ನು ಬಟ್ಟೆಯಲ್ಲಿ ಒರೆಸಿ, ಬಹುಮಟ್ಟಿಗೆ ಒಣಗಿದ ಆ ಕುಂಚವನ್ನು ಅಂಚುಗಳ ಮೇಲೆ ಸವರಬೇಕು. ಸಾವಿರ ಕೈಗಳು ಹಿಡಿದೆತ್ತಿದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಈಗ ಆ ಕ್ಯಾನಿಗೆ ಒಂದು ಚರಿತ್ರೆ ಬಂದಿತು.

ಬೇಲಿಯ ಗೂಟಕ್ಕೂ ಇದೇ ವಿವೇಕ ಬೇಕು. ಮರವೆಂದರೆ ಕಂದು ಎಂಬುದು ಮಕ್ಕಳ ಬಣ್ಣದ ಪೆಟ್ಟಿಗೆ ಕಲಿಸಿದ ಪಾಠ. ಹತ್ತು ಮಳೆಗಾಲ ಕಂಡ ಮರ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ನೆಲಕ್ಕೆ ತಾಗಿದ ಬುಡದಲ್ಲಿ ಪಾಚಿಯ ಹಸುರು ಏರಿರುತ್ತದೆ. ತುಕ್ಕಿಗೂ ವಯಸ್ಸುಂಟು: ಹೊಸದು ಕಿತ್ತಳೆ, ಹಳೆಯದು ಕಡುಗಂದು. ಹೊಲದ ಮೂಲೆಯಲ್ಲಿ ಬಿಟ್ಟ ಹಳೆಯ ನೇಗಿಲಿಗೆ ಕಿತ್ತಳೆ ಬಳಿದರೆ ನಿನ್ನೆ ಸಂಜೆ ಮಳೆಯಲ್ಲಿ ನೆನೆದಂತೆ ಕಂಡೀತೇ ಹೊರತು ವರ್ಷಗಳಿಂದ ಬಿದ್ದಂತೆ ಕಾಣದು.

ಮನುಷ್ಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು. ಬೊಂಬೆಯನ್ನು ಕಡ್ಡಿಯ ತುದಿಗೆ ಮೇಣದಿಂದ ಅಂಟಿಸಿ, ಕಡ್ಡಿಯನ್ನು ಹಿಡಿದು ತಿರುಗಿಸುತ್ತ ಕೆಲಸ ಮಾಡುತ್ತಾರೆ. ಉಡುಪು ತೊಡುವ ಕ್ರಮವೇ ಬಣ್ಣದ ಕ್ರಮ: ಮೊದಲು ಮೈ, ಆಮೇಲೆ ಅಂಗಿ, ಅದರ ಮೇಲೆ ಕೋಟು, ಕಡೆಗೆ ಟೊಪ್ಪಿಗೆ. ಕಣ್ಣಿಗೆ ಬಿಳಿಯ ಚುಕ್ಕೆಯಿಡುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. 150 ಅಡಿ ದೂರದ ಮನುಷ್ಯನ ಕಣ್ಣಿನ ಬಿಳುಪನ್ನು ಕಂಡವರಾರು? ಹುಬ್ಬಿನ ಕೆಳಗೆ ಒಂದಿಷ್ಟು ನೆರಳು ಸಾಕು. ಮುಖ ತಾನೇ ಮೂಡುತ್ತದೆ. ಕುಂಚ ಕೂದಲೆಳೆಯಷ್ಟು ಸಣ್ಣದಿರಬೇಕಾಗಿಯೂ ಇಲ್ಲ. ಒಂದಿಷ್ಟು ಬಣ್ಣ ಹಿಡಿಯುವ ಹೊಟ್ಟೆಯೂ ಕೆಡದ ಮೊನೆಯೂ ಇದ್ದರಾಯಿತು.

ಪೆಂಡನ್‌ನಲ್ಲಿ ಇನ್ನೊಬ್ಬ ಹಿರಿಯರ ಕೃತಿಯೂ ಇದೆ. 1961ರಲ್ಲಿ ತೀರಿಕೊಂಡ ಜಾನ್ ಅಹರ್ನ್ ಎಂಬವರು ನಿರ್ಮಿಸಿದ 'ಮ್ಯಾಡರ್ ಕಣಿವೆ'ಯ ರೈಲನ್ನು ಇಲ್ಲಿಗೆ ತಂದು ಕಾಪಾಡಿದ್ದಾರೆ. ಅದು ಯಾವ ಭೂಪಟದಲ್ಲಿಯೂ ಇಲ್ಲದ, ಅವರ ಕಲ್ಪನೆಯ ಊರು. ಮಾದರಿ ರೈಲೆಂದರೆ ಹಲಗೆಯ ಮೇಲಿನ ಹಳಿ ಮತ್ತು ಎಂಜಿನುಗಳೆಂದು ಬಹುಜನ ಭಾವಿಸಿದ್ದ 1930ರ ದಶಕದಲ್ಲಿಯೇ ಅವರು ರೈಲಿನ ಸುತ್ತ ಬೀದಿ, ಅಂಗಡಿ, ಬಂದರುಗಳನ್ನು ಹರಡಿದರು. ಕಟ್ಟಡಗಳು ಹೊಚ್ಚಹೊಸದಾಗಿ ಹೊಳೆಯದೆ ಬಳಕೆಯಾದಂತೆ ಕಾಣಬೇಕೆಂಬುದನ್ನು ಈ ಹವ್ಯಾಸದವರಿಗೆ ತೋರಿಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಅಹರ್ನ್ ಇಲ್ಲದ ಊರನ್ನು ಇದ್ದಂತೆ ಮಾಡಿದರು; ರಾಯ್ ಇದ್ದ ಊರನ್ನು ಇಲ್ಲವಾಗದಂತೆ ಮಾಡಿದರು.

ಇಲ್ಲಿಯೇ ಒಂದು ಕಠಿನವಾದ ಪ್ರಶ್ನೆ ಏಳುತ್ತದೆ. ಹಿಂದಿನ ಕಾಲವನ್ನು ಅಂದಗೊಳಿಸುವುದು ಬಣ್ಣಕ್ಕೆ ಬಹು ಸುಲಭ. ಹೂದೋಟದ ಮನೆಯೆಂದು ನಾವು ಮೆಚ್ಚುವ ಆ ಗುಡಿಸಲುಗಳಲ್ಲಿ ನಲ್ಲಿಯಿರಲಿಲ್ಲ, ಗೋಡೆಗಳಲ್ಲಿ ತೇವವಿತ್ತು, ಹೊಲದ ಕೂಲಿಯ ಕುಟುಂಬಗಳು ಎರಡು ಮೂರು ಕೋಣೆಗಳಲ್ಲಿ ಬಾಳಿದುವು. ಎಲ್ಲವನ್ನೂ ತೊಳೆದು ಹೊಳಪಿಟ್ಟರೆ ಅದು ಮಿಠಾಯಿ ಡಬ್ಬಿಯ ಮೇಲಿನ ಚಿತ್ರವಾದೀತು. ಗೋಡೆಯ ಕೆಳಭಾಗದ ತೇವದ ಗುರುತು, ಮಾಡಿಗೆ ಹಾಕಿದ ತೇಪೆ, ಹೊಗೆ ಹಿಡಿದ ಚಿಮಣಿ, ಇವನ್ನು ಬಿಡದೆ ಬಿಡಿಸುವುದರಲ್ಲಿಯೇ ಆ ಜನರಿಗೆ ಸಲ್ಲಬೇಕಾದ ನ್ಯಾಯವಿದೆ. ಇಂದು ಕಣಿವೆಗೆ ಹೋದರೆ ಅಂಥ ಮನೆಗಳು ಕೆಲವು ಸಿಕ್ಕಾವು. ಆದರೆ ಅವು ಹೊಸ ಮಾಡು ಹೊದ್ದು, ಸುಣ್ಣಬಣ್ಣ ಕಂಡು, ಅನುಕೂಲಸ್ಥರ ಮನೆಗಳಾಗಿವೆ. 1930ರ ಛಾಯಾಚಿತ್ರಗಳೋ ಬಹುಪಾಲು ಕಪ್ಪು ಬಿಳುಪಿನವು; ಆಕಾರ ಹೇಳುತ್ತವೆ, ಬಣ್ಣ ಹೇಳವು. ಆ ಕಾಲವನ್ನು ಕಣ್ಣಾರೆ ಕಂಡವನು ಬಿಟ್ಟುಹೋದ ಬಣ್ಣದ ಬೆಲೆ ಇದರಿಂದ ತಿಳಿದೀತು.

ರಾಯ್ ಇಂಗ್ಲೆಂಡ್ 1995ರಲ್ಲಿ ನಿಧನರಾದರು. ಕಣಿವೆಯ ದೃಶ್ಯವನ್ನು ಅವರ ಒಂದು ಆಯುಷ್ಯ ಮುಗಿಸಲಾರದೆ ಹೋಯಿತು. ಸಂಬಳವಿಲ್ಲದ ಸ್ವಯಂಸೇವಕರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ದಸರೆಯಲ್ಲಿ ಬೊಂಬೆ ಕೂರಿಸಿ, ಕೆಳಗಿನ ಹಂತದಲ್ಲಿ ರಾಗಿಯ ಪೈರು ಬೆಳೆಸಿ ಪುಟ್ಟ ಊರು ಕಟ್ಟುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಮುಂದಿನ ವರ್ಷ ಆ ಊರಿನ ಬಾವಿಕಟ್ಟೆಗೆ ಬಣ್ಣ ಹಾಕುವ ಮುನ್ನ, ನಿಜವಾದ ಬಾವಿಕಟ್ಟೆಯೊಂದನ್ನು ಅವರಿಗೆ ತೋರಿಸಿಕೊಂಡು ಬನ್ನಿ. ಹಗ್ಗ ಸವೆದ ಗುರುತು ಎಲ್ಲಿದೆ, ಪಾಚಿ ಯಾವ ಕಡೆ ಕಟ್ಟಿದೆ, ಕಲ್ಲು ಎಲ್ಲಿ ನುಣುಪಾಗಿದೆ ಎಂಬುದನ್ನು ಅವರೇ ಕಂಡು ಹೇಳಲಿ. ಹಗ್ಗ ಸವೆದ ಬಾವಿಕಟ್ಟೆಗಳು ಇನ್ನು ಬಹಳ ಕಾಲ ನೋಡಸಿಗುವಂಥವಲ್ಲ.